ಹೊಸ ದೇಶದಲ್ಲಿ ಕಾಯಿಲೆಗೆ ಮುನ್ನ ವೈದ್ಯರ ಪರಿಚಯ

ವಿದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರು ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಎಂದು ಓಡಾಡುವ ಮೊದಲ ವಾರಗಳಲ್ಲಿಯೇ, ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವಾಗಲೇ, ಕುಟುಂಬ ವೈದ್ಯರೊಬ್ಬರಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಬೇಕೆಂದಾಗ ನೇರವಾಗಿ ತಜ್ಞರನ್ನು ಕಂಡು ರೂಢಿಯಾದವರಿಗೆ ಇದು ಅನಗತ್ಯವೆನಿಸಬಹುದು. ಆದರೆ ಬ್ರಿಟನ್, ನೆದರ್ಲೆಂಡ್ಸ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ತುರ್ತು ಸಂದರ್ಭವನ್ನು ಬಿಟ್ಟರೆ ತಜ್ಞರ ಬಳಿಗೆ ಹೋಗುವ ದಾರಿ ಸಾಮಾನ್ಯವಾಗಿ ಕುಟುಂಬ ವೈದ್ಯರ ಶಿಫಾರಸು ಪತ್ರದ ಮೂಲಕವೇ ಇರುತ್ತದೆ. ಇಂಗ್ಲೆಂಡಿನಲ್ಲಿ ವಿಳಾಸದ ದಾಖಲೆ ಇಲ್ಲವೆಂಬ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ. ಆದ್ದರಿಂದ ಬಾಡಿಗೆ ಮನೆ ಗೊತ್ತಾಗಲಿ ಎಂದು ಕಾಯುವುದು ಬೇಡ. ಅಮೆರಿಕದಲ್ಲಾದರೆ ಆ ವೈದ್ಯರು ನಿಮ್ಮ ವಿಮಾ ಕಂಪನಿ ಒಪ್ಪಂದ ಮಾಡಿಕೊಂಡಿರುವ ವೈದ್ಯರ ಪಟ್ಟಿಯಲ್ಲಿ, ಅಂದರೆ ಅದರ ನೆಟ್‌ವರ್ಕಿನೊಳಗೆ ಇದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ, ಇಲ್ಲದಿದ್ದರೆ ವೆಚ್ಚದ ದೊಡ್ಡ ಪಾಲು ನಿಮ್ಮ ಮೇಲೆಯೇ ಬೀಳಬಹುದು.

ಮೊದಲ ಭೇಟಿಗೆ ಹಳೆಯ ವರದಿಗಳ ಕಟ್ಟನ್ನು ಒಯ್ಯುವುದಕ್ಕಿಂತ, ಈಗಿರುವ ಕಾಯಿಲೆ, ಆಗಿರುವ ಶಸ್ತ್ರಚಿಕಿತ್ಸೆ, ಒಗ್ಗದ ಔಷಧಿ, ಹಾಕಿಸಿಕೊಂಡ ಲಸಿಕೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಮೇಲು. ಮಾತ್ರೆಗಳ ವಿಷಯದಲ್ಲಿ ಕಂಪನಿ ಇಟ್ಟ ಹೆಸರು ಸಾಲದು, ಒಳಗಿರುವ ಔಷಧದ ಹೆಸರೂ ಪ್ರಮಾಣವೂ ಬೇಕು. ಅದೂ ದೇಶದಿಂದ ದೇಶಕ್ಕೆ ಬದಲಾಗುವುದುಂಟು: ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್ ಆಗಿರುತ್ತದೆ, ಎರಡೂ ಬೇರೆಯೆಂದು ಭಾವಿಸಿ ಒಟ್ಟಿಗೆ ನುಂಗಿದರೆ ಮಿತಿ ಮೀರಿ ಯಕೃತ್ತಿಗೆ ಅಪಾಯವಾಗಬಹುದು. ರಕ್ತದ ಸಕ್ಕರೆಯ ಅಳತೆಯೂ ಬೇರೆ. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದು ನಾವು ಓದುವುದನ್ನು ಬ್ರಿಟನ್, ಕೆನಡಾಗಳ ಪ್ರಯೋಗಾಲಯಗಳು ಲೀಟರಿಗೆ 7 ಮಿಲಿಮೋಲ್ ಎಂದು ಬರೆಯುತ್ತವೆ. ಆ 7 ಅನ್ನು ಕಂಡು ಸಕ್ಕರೆ ಇಳಿದಿದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ, ಅದು ಮಧುಮೇಹದ ಗಡಿ.

ಈ ವಿಷಯವನ್ನು ನಾನು ವಿಶೇಷವಾಗಿ ಒತ್ತಿ ಹೇಳಲು ಕಾರಣವಿದೆ. ದಕ್ಷಿಣ ಏಷ್ಯಾದವರಲ್ಲಿ ಮಧುಮೇಹವೂ ಹೃದ್ರೋಗವೂ ಕಡಿಮೆ ತೂಕದಲ್ಲಿ, ಕಡಿಮೆ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ, ಸಾಮಾನ್ಯವಾಗಿ 25 ಎಂದು ಹಿಡಿಯುವ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಗಡಿಯ ಬದಲು, ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕೆಂದು ಸೂಚಿಸಿದರು. ನೀವು ತೆಳ್ಳಗೆ ಕಾಣುತ್ತೀರೆಂದು ಅಲ್ಲಿನ ವೈದ್ಯರು ಸಕ್ಕರೆಯ ಪರೀಕ್ಷೆಯನ್ನು ಮುಂದೂಡಿದರೆ, ತಂದೆತಾಯಿಗೆ ಈ ಕಾಯಿಲೆ ಇದ್ದುದನ್ನು ತಿಳಿಸಿ ನೀವೇ ಕೇಳಿ ಮಾಡಿಸಿಕೊಳ್ಳಿ; ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ತುರ್ತು ಸಂಖ್ಯೆಯನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಂಡಿರಬೇಕು: ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಐರೋಪ್ಯ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000.

ಊರಿನಿಂದ ಬಂದಿರುವ ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ ಮಕ್ಕಳನ್ನು ದುಭಾಷಿಗಳನ್ನಾಗಿ ಕರೆದೊಯ್ಯುವುದು ಸರಿಯಲ್ಲ, ಏಕೆಂದರೆ ಮೊಮ್ಮಗಳ ಎದುರು ಅಜ್ಜಿ ರಕ್ತಸ್ರಾವದ ಮಾತನ್ನಾಗಲಿ, ಮನಸ್ಸಿನ ದುಗುಡವನ್ನಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ರೋಗಿಗೆ ದುಭಾಷಿಯ ಖರ್ಚು ಬರುವುದಿಲ್ಲ. ಅಮೆರಿಕದಲ್ಲಿಯೂ ಕೇಂದ್ರ ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ಈ ಸೌಲಭ್ಯವನ್ನು ಉಚಿತವಾಗಿ ಕೊಡಬೇಕು. ಭೇಟಿಯ ಸಮಯ ಗೊತ್ತುಮಾಡುವಾಗಲೇ ಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಭಾರತೀಯರೆಂದು ಕಂಡು ಹಿಂದಿಯ ದುಭಾಷಿಯನ್ನು ಗೊತ್ತುಮಾಡಿಬಿಡಬಹುದು.