ಬೋರ್ಡ್ ತೆಗೆಸಿದ ಮೇಲೆ ಜನ ಬಂದರು: ಬೆಂಟಿಯು ಶಿಬಿರದಲ್ಲಿ ನನ್ನ ಅನುಭವ

ಅತ್ಯಾಚಾರಕ್ಕೆ ಒಳಗಾದವರಿಗೆ ತಾಯಿ-ಮಕ್ಕಳ ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ಕೊಡೋಣ ಅಂದಾಗ ನಮ್ಮವರೇ ಒಪ್ಪಲಿಲ್ಲ. ‘ಆ ಗದ್ದಲದಲ್ಲಿ ಗುಟ್ಟು ಉಳಿಯಲ್ಲ ಮೇಡಂ’ ಅಂದರು. ದಕ್ಷಿಣ ಸುಡಾನಿನ ಬೆಂಟಿಯುನಲ್ಲಿ, ಅಂತರ್ಯುದ್ಧಕ್ಕೆ ಮನೆ ಬಿಟ್ಟು ಬಂದವರ ಶಿಬಿರದಲ್ಲಿ, ಗುಟ್ಟು ಉಳಿದದ್ದು ಆ ಗದ್ದಲದಲ್ಲೇ.

ಮೊದಲು ಅವರಿಗೆ ಅಂತಲೇ ಬೇರೆ ಗುಡಾರ ಇತ್ತು. ಬೋರ್ಡ್, ಬೀಗ, ಕೌನ್ಸೆಲಿಂಗ್ ಕುರ್ಚಿ ಎಲ್ಲ ಇತ್ತು. ಹತ್ತಿರ ಹತ್ತಿರ ಒಂಬತ್ತು ಸಾವಿರ ಡಾಲರ್ ಅದಕ್ಕೇ ಹೋಯಿತು. ವಾರಕ್ಕೆ ಒಬ್ಬರು ಬಂದರೆ ಹೆಚ್ಚು. ಒಳಗೆ ಕಾಲಿಟ್ಟರೆ ಇಡೀ ಬ್ಲಾಕಿಗೆ ಗೊತ್ತಾಗುತ್ತೆ, ಅಲ್ವಾ? ಬಂದವರೂ ನಾಲ್ಕನೇ, ಐದನೇ ದಿನ ಬರುತ್ತಿದ್ದರು. ಎಚ್‌ಐವಿ ತಗುಲದಂತೆ ಕೊಡುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಅದು ಆಗಲೇ ದಾಟಿರುತ್ತಿತ್ತು. ಪೊಲೀಸರಿಗೆ ದೂರು ಕೊಟ್ಟಾಗ ತುಂಬಿಸುವ ಫಾರ್ಮ್ 8 ಇಲ್ಲದೆ ಮದ್ದು ಸಿಗಲ್ಲ ಅನ್ನೋ ಭಯ ಬೇರೆ.

2018ರ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಅದೇ ನವೆಂಬರ್ ಕೊನೆಗೆ, ಹತ್ತೇ ದಿನದಲ್ಲಿ, ರೇಷನ್ನಿಗೆ ಅಂತ ಬೆಂಟಿಯು ಕಡೆ ನಡೆದು ಹೊರಟ 125 ಹೆಂಗಸರು, ಹುಡುಗಿಯರು ದಾಳಿಗೆ ಸಿಕ್ಕಿ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು ಅನ್ನುವ ಸಂಸ್ಥೆ) ಕ್ಲಿನಿಕ್ಕಿಗೆ ಬಂದರು. ಆಮೇಲೆ ನಾನು ಹಟ ಹಿಡಿದೆ.

ಬೋರ್ಡ್ ತೆಗೆಸಿದೆ. ಅಲ್ಲಿಯ ನುಯೆರ್ ಜನಾಂಗದ ಸೂಲಗಿತ್ತಿಯರಿಗೆ ಟ್ರೇನಿಂಗ್ ಕೊಟ್ಟೆ. ಮಗುವಿಗೆ ಜ್ವರ ಅಂತ ಹೆಂಗಸರು ಬರುತ್ತಾರೆ. ಮದುವೆಯಾಗದ ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಬರುತ್ತಾರೆ. ನಿಜವಾಗಿ ಯಾತಕ್ಕೆ ಬಂದಿದ್ದಾರೆ ಅಂತ ನರ್ಸ್‌ಗೆ ಹೇಗೆ ಗೊತ್ತಾಗುತ್ತೆ ಅನ್ನೋದನ್ನು ಮಾತ್ರ ಬರೆಯಲ್ಲ. ಆ ಗುರುತು ಇನ್ನೂ ಬಳಕೆಯಲ್ಲಿದೆ.

ಕಷ್ಟ ಆಗಿದ್ದು ದುಡ್ಡಿಗೆ. ಹಣ ಕೊಡುವವರು ಇನ್ನೊಂದು ಗುಡಾರಕ್ಕೆ ಬೇಕಾದರೆ ಕೊಡುತ್ತೇವೆ, ಸೂಲಗಿತ್ತಿಯರ ಭತ್ಯೆಗೆ ಇಲ್ಲ ಅಂದರು. ಬಹಳ ಜಗಳ ಮಾಡಿ ತಲಾ ತಿಂಗಳಿಗೆ ಮೂವತ್ತು ಡಾಲರ್‌ನಷ್ಟು ತಂದೆ. ವರ್ಷದ ಖರ್ಚು ಗುಡಾರದ ಅರ್ಧಕ್ಕೂ ಬರಲಿಲ್ಲ. ಈಗ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 72 ಗಂಟೆಯೊಳಗೆ ಬರುತ್ತಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸೌದೆಗೆ ಹೊರಗೆ ಹೋದಾಗಲೂ ದಾಳಿಯ ಭಯ ಇದ್ದದ್ದರಿಂದ, ನಡುವೆ ಮಣ್ಣಿನ ಒಲೆಗೂ ಕೈ ಹಾಕಿದೆ. ಸೌದೆ ಕಡಿಮೆ ಸಾಕಾದರೆ ಶಿಬಿರ ದಾಟಿ ಹೋಗೋದೂ ಕಡಿಮೆ. ಅಲ್ಲಿಯ ಮಣ್ಣು ನಮ್ಮ ವಿಜಯಪುರದ ಎರೆಮಣ್ಣಿನ ಹಾಗೇ, ಒಣಗಿದರೆ ಸೀಳುತ್ತೆ. ಮೊದಲ ಒಲೆಗಳೆಲ್ಲ ಒಡೆದವು. ಸಗಣಿ, ಕತ್ತರಿಸಿದ ಹುಲ್ಲು ಕಲಸಿದ ಮೇಲೆ ನಿಂತವು. ವಾರಕ್ಕೆ ಮೂರು ಸಲ ಸೌದೆಗೆ ಹೋಗುತ್ತಿದ್ದವರು ಎರಡು ಸಲಕ್ಕೆ ಇಳಿದರು. ಹೋಗುವ ದಿನ, ದಾರಿಯನ್ನು ಅವರೇ ಗೊತ್ತುಮಾಡುತ್ತಾರೆ. ವಿಶ್ವಸಂಸ್ಥೆಯ ಗಸ್ತು ಅದಕ್ಕೆ ತಕ್ಕಂತೆ ಹೊರಡಬೇಕು ಅಂತ ಪಟ್ಟು ಹಿಡಿದಿದ್ದೇವೆ.

ಹಿರಿಯರ ಪಂಚಾಯ್ತಿಯಲ್ಲಿ ದನ ಕೊಟ್ಟು ಮುಗಿಸೋದು, ಕೆಲವು ಸಲ ಕೆಡಿಸಿದವನಿಗೇ ಹುಡುಗಿಯನ್ನು ಕೊಡೋದು ನಡೆಯುತ್ತೆ. ಈಗ ಇಬ್ಬರು ಸೂಲಗಿತ್ತಿಯರು ಅಲ್ಲಿ ಕೂರುತ್ತಾರೆ. ಅಂಥ ಒಂದು ಮದುವೆಯನ್ನು ತಡೆದೂ ಇದ್ದಾರೆ. ರಾಜಧಾನಿ ಜೂಬಾದಿಂದ ವಿಮಾನದಲ್ಲಿ ಜನ ಕರೆಸಿ ಮಾಡುವ ಒಂದು ಶಾಂತಿ ಸಭೆಯ ಖರ್ಚಿನಲ್ಲಿ ಇವರೆಲ್ಲರ ವರ್ಷದ ಭತ್ಯೆ ಆಗುತ್ತೆ. ಮುಂದಿನ ಬಜೆಟ್‌ನಲ್ಲಿ ಅದನ್ನೇ ಕೇಳಿದ್ದೇನೆ.