ಮಾದರಿ ರೈಲು: ಹಳಿಯ ಡಿಸಿಸಿ ಬೇಕೋ, ಬ್ಯಾಟರಿ–ರೇಡಿಯೋ ಬೇಕೋ?

ಕೈಯಲ್ಲಿರುವ ಕಂಟ್ರೋಲರ್‌ಗೆ ವೈರ್ ಇಲ್ಲ ಎಂದಮಾತ್ರಕ್ಕೆ ರೈಲು ವೈರ್‌ಲೆಸ್ ಆಗುವುದಿಲ್ಲ. ವೈ-ಫೈ ಕಂಟ್ರೋಲರ್ ಇರುವ ಎಷ್ಟೋ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಸೆಟ್‌ಗಳಲ್ಲಿ ರೇಡಿಯೋ ಸಂಕೇತ ಹೋಗುವುದು ಕಮಾಂಡ್ ಸ್ಟೇಷನ್‌ವರೆಗೆ, ಅಂದರೆ ಆದೇಶಗಳನ್ನು ಹಳಿಗೆ ಕಳಿಸುವ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದ ಮುಂದೆ ಎಲ್ಲವೂ ಹಳಿಯ ಮೇಲೆಯೇ. ಎಂಜಿನ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಿ, ಆಯ್ಕೆ ತಾನಾಗಿ ಸುಲಭವಾಗುತ್ತದೆ.

ಡಿಸಿಸಿಯಲ್ಲಿ ಕರೆಂಟೂ ಆದೇಶವೂ ಒಂದೇ ಜೋಡಿ ಹಳಿಯಲ್ಲಿ ಹರಿಯುತ್ತವೆ. ಅರ್ಧ ಅಲೆ 58 ಮೈಕ್ರೊಸೆಕೆಂಡ್ ಇದ್ದರೆ ಎಂಜಿನ್ ಒಳಗಿನ ಡಿಕೋಡರ್ (ಆದೇಶ ಓದಿ ಮೋಟರ್ ನಡೆಸುವ ಚಿಕ್ಕ ಬೋರ್ಡ್) ಅದನ್ನು 1 ಎಂದು ಓದುತ್ತದೆ, ಸುಮಾರು 100 ಇದ್ದರೆ 0 ಎಂದು. ಹಾಗಾಗಿ ಚಕ್ರಕ್ಕೆ ಕೊಳೆ ಹಿಡಿದರೆ ಎಂಜಿನ್ ತಡವರಿಸುತ್ತದೆ. ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮರಳು ಕಾಗದ ಬೇಡ, ಅದು ಗೀರುವ ಗೆರೆಗಳಲ್ಲೇ ಕೊಳೆ ಮತ್ತೆ ಕೂರುತ್ತದೆ.

ಹಳಿ ಜೋಡಿಸುವ ಜಾಯಿನರ್‌ಗಳನ್ನೇ ಕರೆಂಟ್‌ಗೆ ನಂಬಬೇಡಿ. ಮೇಜಿನ ಕೆಳಗೆ 2.5 ಚದರ ಮಿ.ಮೀ. ವೈರ್ ಎಳೆದು, ಸುಮಾರು ಮೀಟರಿಗೊಂದರಂತೆ ಅದರಿಂದ ಎರಡೂ ಹಳಿಗೆ ಫೀಡರ್ (ಕರೆಂಟ್ ತರುವ ಚಿಕ್ಕ ವೈರ್) ಬೆಸುಗೆ ಹಾಕಿ. ಬಳಿಕ ಎಂಜಿನ್‌ಗಳನ್ನೆಲ್ಲ ಎತ್ತಿಟ್ಟು, ಪ್ರತಿ ತುಂಡಿನ ಮೇಲೂ ಎರಡು ಹಳಿಗೆ ಅಡ್ಡಲಾಗಿ ನಾಣ್ಯ ಇಡಿ. ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ನಾಣ್ಯವನ್ನು ಕೂಡಲೇ ತೆಗೆಯಿರಿ: ಆ ಜಾಗದಲ್ಲಿ ವೈರಿನ ರೋಧ ಜಾಸ್ತಿ. ರೈಲು ಹಳಿ ತಪ್ಪಿ ಶಾರ್ಟ್ ಆದ ದಿನ ಅಲ್ಲೇ ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ. ಹಳಿ ಸುತ್ತಿ ತನ್ನನ್ನೇ ಸೇರುವ ಲೂಪ್ ಇದ್ದರೆ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಆ ಭಾಗಕ್ಕೆ ಆಟೋ-ರಿವರ್ಸರ್ (ಹಳಿಯ ಧ್ರುವತೆಯನ್ನು ತಾನಾಗಿ ತಿರುಗಿಸುವ ಸಾಧನ) ಹಾಕಿ. ಕತ್ತರಿಸಿದ ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಲಿ.

ಬ್ಯಾಟರಿ–ರೇಡಿಯೋದಲ್ಲಿ ಎಂಜಿನ್ ತನ್ನೊಳಗಿನ ಬ್ಯಾಟರಿಯಿಂದ ಓಡುತ್ತದೆ, ಆದೇಶ ರೇಡಿಯೋದಲ್ಲಿ ನೇರವಾಗಿ ಅದರ ರಿಸೀವರ್‌ಗೆ ಬರುತ್ತದೆ. ಇಲ್ಲಿ ಈ ಕೆಲಸ ಯಾವುದೂ ಇಲ್ಲ, ಆದರೆ ಕಷ್ಟವೆಲ್ಲ ಎಂಜಿನ್ ಒಳಗೆ ಸೇರುತ್ತದೆ. ಮೊದಲು ಚಕ್ರಗಳಿಂದ ಬರುವ ಪಿಕಪ್ ವೈರ್‌ಗಳನ್ನೆಲ್ಲ ಬಿಚ್ಚಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಚಕ್ರಕ್ಕೆ, ಇನ್ನೊಂದು ಮೋಟರ್ ತುದಿಗೆ ಹಿಡಿದರೆ ಬೀಪ್ ಬರಬಾರದು. ಒಂದು ವೈರ್ ಉಳಿದರೂ, ಕರೆಂಟ್ ಇರುವ ಹಳಿಯ ಮೇಲಿಟ್ಟಾಗ ರಿಸೀವರ್ ಸುಡಬಹುದು. ಬ್ಯಾಟರಿಯ ಪ್ಲಸ್ ವೈರಿಗೆ ಫ್ಯೂಸ್ ಮತ್ತು ಸ್ವಿಚ್ ಬೇಕೇ ಬೇಕು. ಆಂಟೆನಾ ಲೋಹದ ಬಾಡಿಯೊಳಗೆ ಮುಚ್ಚಿಹೋದರೆ ರೇಂಜ್ ಕುಸಿಯುತ್ತದೆ. ಪ್ಲಾಸ್ಟಿಕ್ ಕಿಟಕಿಯ ಹತ್ತಿರ ತನ್ನಿ.

ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಪ್ಯಾಕ್ 11.1 ವೋಲ್ಟ್, ತುಂಬಿದಾಗ 12.6. 1000 ಎಂಎಎಚ್ ಪ್ಯಾಕ್‌ನ 80% ಬಳಸಿದರೆ, ಅರ್ಧ ಆಂಪಿಯರ್ ಎಳೆಯುವ ಎಂಜಿನ್ ಒಂದೂವರೆ ಗಂಟೆ ಓಡುತ್ತದೆ. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯಲು ಬಿಡಬೇಡಿ. ಚಾರ್ಜಿಂಗ್‌ಗೆ ಎಲ್ಲ ಸೆಲ್‌ಗಳನ್ನೂ ಸಮ ವೋಲ್ಟ್‌ಗೆ ತರುವ ಬ್ಯಾಲೆನ್ಸ್ ಚಾರ್ಜರ್ ಬಳಸಿ, ಕಣ್ಣೆದುರೇ ಇಟ್ಟುಕೊಳ್ಳಿ. ಉಬ್ಬಿದ ಪ್ಯಾಕ್ ಮತ್ತೆ ಬಳಸುವಂತಿಲ್ಲ.

ಮನೆಯೊಳಗೆ, 16.5 ಮಿ.ಮೀ. ಹಳಿಯಲ್ಲಿ ಹಲವು ಎಂಜಿನ್ ಓಡಿಸುವವರಿಗೆ ಡಿಸಿಸಿಯೇ ಸರಿ. 9 ಮಿ.ಮೀ. ಹಳಿಯ ಎಂಜಿನ್‌ನಲ್ಲಂತೂ ಬ್ಯಾಟರಿಗೆ ಜಾಗವೇ ಸಿಗುವುದು ಕಷ್ಟ. ಮಳೆ, ಮಣ್ಣು, ಎಲೆ ಬೀಳುವ ತೋಟದಲ್ಲಿ 45 ಮಿ.ಮೀ. ಹಳಿ ಹಾಕುವವರು ಬ್ಯಾಟರಿಗೇ ಹೋಗಲಿ.