ಎಂ.ಎ. ಪ್ರಾಜೆಕ್ಟ್‌ಗೆ ವಿಷಯ ಬೇಕೇ? ಹಳ್ಳಿ ಕಟ್ಟೆಗೆ ಹೋಗಿ

ಸಂವಹನ, ಪತ್ರಿಕೋದ್ಯಮ ಓದುವವರಿಗೆ ಕೊನೆಯ ಸೆಮಿಸ್ಟರ್ ಬಂತೆಂದರೆ ಪ್ರಾಜೆಕ್ಟ್ ಚಿಂತೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರಲಿ, ಬೇರೆ ಎಲ್ಲೇ ಇರಲಿ, ಮೊದಲು ಹೊಳೆಯುವ ಶೀರ್ಷಿಕೆ ಸಾಮಾನ್ಯವಾಗಿ ಒಂದೇ: ‘ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ’. ಯಾವ ಯುವಜನ? ಯಾವ ಪ್ರಭಾವ? ಆರು ವರ್ಷ ಕೂತರೂ ಮುಗಿಯುವ ವಿಷಯವಲ್ಲ ಅದು.

ಮೊದಲು ಒಂದು ಜಾಗ, ಒಂದು ಕಾಲ ಹಿಡಿಯಿರಿ. ನಮ್ಮ ವಿಜಯಪುರ ಜಿಲ್ಲೆಯಲ್ಲೇ ಒಳ್ಳೆಯ ವಿಷಯವಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ‘ಸೈಟ್’ (ಉಪಗ್ರಹದ ಮೂಲಕ ಟಿವಿ ಶಿಕ್ಷಣ) ಎಂಬ ಪ್ರಯೋಗ ನಡೆಸಿತು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಒಕ್ಕಲುತನ, ಆರೋಗ್ಯದ ಮಾತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು. ಬಾಗಲಕೋಟೆಯವರೂ ಕೇಳಿ, 1997ರವರೆಗೆ ನೀವೂ ವಿಜಯಪುರದವರೇ! ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅಂದರೆ ಟಿವಿ ವಿಷಯದಲ್ಲಿ ನಮ್ಮ ಹಳ್ಳಿಗಳೇ ಮುಂದಿದ್ದವು.

ಇನ್ನು ಪ್ರಶ್ನೆ. ಅದು ಚಿಕ್ಕದಿರಲಿ. ಊರಿಗೆಲ್ಲ ಒಂದೇ ಟಿವಿ ಇದ್ದಾಗ ಮುಂದೆ ಯಾರು ಕೂರುತ್ತಿದ್ದರು? ಹೆಂಗಸರು ಬರುತ್ತಿದ್ದರೇ? ನೋಡಿದ್ದನ್ನು ಮನೆಯಲ್ಲೇ ಉಳಿದವರಿಗೆ ಯಾರು ಹೇಳುತ್ತಿದ್ದರು? ಈ ಕೊನೆಯ ಪ್ರಶ್ನೆಯಲ್ಲಿ ನಿಮ್ಮ ಥಿಯರಿಯೂ ಇದೆ, ‘ಟು-ಸ್ಟೆಪ್ ಫ್ಲೋ’ ಅಂದರೆ ಎರಡು ಹಂತದ ಹರಿವು. 1940ರ ಅಮೆರಿಕ ಚುನಾವಣೆ ವೇಳೆ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಒಹಾಯೊದಲ್ಲಿ ಕಂಡದ್ದು ಇದನ್ನೇ: ಮಾಧ್ಯಮದ ಮಾತು ಅನೇಕರಿಗೆ ನೇರ ತಲುಪುವುದಿಲ್ಲ, ಸುತ್ತಲಿನವರು ನಂಬುವ ಒಬ್ಬರ ಬಾಯಿಂದ ತಲುಪುತ್ತದೆ. ಇಂಡಿ ಅಥವಾ ಸಿಂದಗಿ ಕಡೆ ಆ ಒಬ್ಬರು ಯಾರಾಗಿದ್ದರು? ಮಾಸ್ತರರೋ, ಗೌಡರೋ? ಇಂಥದ್ದು ಗೈಡ್‌ಬುಕ್ಕಿನಲ್ಲಿ ಸಿಗುವುದಿಲ್ಲ.

ಎಲ್ಲ ಹಳ್ಳಿಗೂ ಟಿವಿ ಬಂದಿರಲಿಲ್ಲ. ಸೆಟ್ಟುಗಳನ್ನು ಶಾಲೆ, ಪಂಚಾಯಿತಿಯಂಥ ಕಡೆ ಇಡುತ್ತಿದ್ದರು. ಹಾಗಾಗಿ ಅಲ್ಲಿಂದಲೇ ವಿಚಾರಿಸಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ಸಮೀಪ ಅಥವಾ ದಾಟಿದೆ. ತಡ ಮಾಡಬೇಡಿ. ಜೋಳದ ಸುಗ್ಗಿಯಲ್ಲಿ ಮಾತ್ರ ಹೋಗಬೇಡಿ, ಯಾರೂ ಸಿಗುವುದಿಲ್ಲ.

ಕಟ್ಟೆ ಮೇಲೆ ಕೂತ ಕೂಡಲೇ ಫಾರಂ ತೆಗೆಯಬೇಡಿ. ‘ಅಜ್ಜಾರ, ನಿಮ್ಮೂರಿಗೆ ಮೊದಲ ಟಿವಿ ಯಾವಾಗ ಬಂತ್ರಿ?’ ಎಂದು ಶುರು ಮಾಡಿ, ಸುಮ್ನೆ ಕೇಳಿಸಿಕೊಳ್ಳಿ. ‘ಟಿವಿಯಿಂದ ಒಳ್ಳೇದಾಯ್ತಲ್ರಿ?’ ಎಂದರೆ ‘ಹೌದು’ ಎನ್ನುತ್ತಾರೆ ಅಷ್ಟೇ. ಅದು ನಿಮ್ಮ ಉತ್ತರ, ಅವರದ್ದಲ್ಲ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಹೆಂಗಸರನ್ನು ಬೇರೆಯಾಗಿ, ಅಂಗಳದಲ್ಲೋ ಅಡುಗೆಮನೆ ಬಾಗಿಲಲ್ಲೋ ಮಾತಾಡಿಸಿ. ಗಂಡಸರ ಎದುರು ಬರುವ ಮಾತೇ ಬೇರೆ, ಅಲ್ವಾ?

ಇಲ್ಲೊಂದು ತೊಡಕಿದೆ. ಐವತ್ತು ವರ್ಷದ ನೆನಪು ಕಲಸಿಹೋಗಿರುತ್ತದೆ. ಯಾರಾದರೂ ಊರ ಟಿವಿಯಲ್ಲಿ ರಾಮಾಯಣ ಧಾರಾವಾಹಿ ನೋಡಿದೆವು ಎಂದರೆ ಎಚ್ಚರ. ಅದು 1987ರದ್ದು, ಸೈಟ್ ಮುಗಿದದ್ದು 1976ರ ಜುಲೈ ಕೊನೆಗೆ. ಒಂದೇ ಸಂಗತಿಯನ್ನು ಇಬ್ಬರು ಮೂವರ ಬಾಯಲ್ಲಿ ಕೇಳಿ ತಾಳೆ ನೋಡಿ.

ರೆಕಾರ್ಡಿಂಗನ್ನು ಅದೇ ರಾತ್ರಿ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ‘ನೋಡಾಕ ಹೊಕ್ಕಿದ್ವಿ’ ಎಂದಿದ್ದರೆ ಹಾಗೇ ಇರಲಿ, ತಿದ್ದಬೇಡಿ. ಹದಿನೈದು ಇಪ್ಪತ್ತು ಜನರ ದೀರ್ಘ ಮಾತುಕತೆ ಇಂಥ ಕೆಲಸಕ್ಕೆ ಸಾಕು. ಆದರೆ ಇದು ನೂರು ಫಾರಂ ತುಂಬಿಸುವ ಸರ್ವೆ ಅಲ್ಲ ಎಂಬುದನ್ನು ನಿಮ್ಮ ಗೈಡ್‌ಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ವೈವಾ ದಿನ ಆ ಚರ್ಚೆ ಬೇಡ.